ಹೊಳೆನರಸೀಪುರದಲ್ಲಿ ಮಾರಾಟಕ್ಕಿರುವ ತೊಟ್ಟಿ ಮನೆ: ಬಣ್ಣ ನೋಡಬೇಡಿ, ಏಣಿ ಹತ್ತಿ

ಹೊಳೆನರಸೀಪುರದ ಹಳೇ ಪೇಟೆ ಭಾಗದಲ್ಲಿ ಈ ಮನೆ ಮಾರಾಟಕ್ಕೆ ಬಂದಿದೆ. ನಿವೇಶನ 36 ಅಡಿ ಅಗಲ, 120 ಅಡಿ ಉದ್ದ. ಒಟ್ಟು 4,320 ಚದರಡಿ. ಕಟ್ಟಡ ಮುಂದಿನ 66 ಅಡಿಗೆ ಮುಗಿಯುತ್ತದೆ. ಅದರ ಹಿಂದೆ 54 ಅಡಿ ಹಿತ್ತಿಲು, ಬಾವಿ, ನಾಲ್ಕು ತೆಂಗಿನ ಮರ, ಒಂದು ಪಕ್ಕ ಕುಸಿದ ಕೊಟ್ಟಿಗೆ. ಬೀದಿಯಿಂದ ಒಳಗೆ ಹೋದರೆ ಜಗಲಿ, ಅದರ ಎರಡು ಬದಿಗೆ ಒಂದೊಂದು ಕೋಣೆ, ಪಡಸಾಲೆ, ನಡುವೆ 10 ಅಡಿಗೆ 12 ಅಡಿಯ ತೊಟ್ಟಿ (ಆಕಾಶಕ್ಕೆ ತೆರೆದ ತಗ್ಗಿನ ಒಳಂಗಳ), ಸುತ್ತ ಎಂಟು ಕಂಬದ ಕೈಸಾಲೆ, ಆಮೇಲೆ ನಡುಮನೆ, ದೇವರಮನೆ, ಅಡಿಗೆಮನೆ, ಕೊನೆಗೆ ಬಚ್ಚಲು. ಬೀದಿ ಕಡೆಯ ಎರಡು ಕೋಣೆಗೆ ಮದ್ರಾಸ್ ತಾರಸಿ (ಮರದ ಜಂತೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಕೂರಿಸಿದ ಮಟ್ಟಸ ಚಾವಣಿ), ಉಳಿದದ್ದಕ್ಕೆಲ್ಲ ಮಂಗಳೂರು ಹೆಂಚು. ಕಲ್ಲಿನ ಪಾಯದ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಕೇಳುತ್ತಿರುವ ಬೆಲೆ 90 ಲಕ್ಷ.

ಮನೆಗೆ ತೊಂಬತ್ತು ವರ್ಷ ಎನ್ನುತ್ತಾರೆ. ಹೆಂಚಿನ ಅಡಿಯ ಮುದ್ರೆ ತೋರಿಸಿ ವಯಸ್ಸು ಹೇಳುವವರ ಮಾತು ನಂಬಬೇಡಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದಾಚೆ ಎಷ್ಟೋ ಕಂಪನಿಗಳ ಹೆಂಚು ಈ ಕಡೆಗೆ ಬಂದಿವೆ, ಒಡೆದದ್ದಕ್ಕೆಲ್ಲ ಬದಲಿ ಹಾಕುತ್ತಲೇ ಬಂದಿದ್ದಾರೆ. ಒಂದೇ ಮಾಡಿನಲ್ಲಿ (ಇಳಿಜಾರು ಚಾವಣಿಯಲ್ಲಿ) ಮೂರು ಬಗೆಯ ಮುದ್ರೆ ಸಿಗುವುದು ಸಾಮಾನ್ಯ. ವಯಸ್ಸು ಎಷ್ಟಾದರೂ ಇರಲಿ, ಈ ಮನೆಯಲ್ಲಿ ಕೆಟ್ಟಿರುವ ಜಾಗಗಳಲ್ಲಿ ಹೆಚ್ಚಿನವು ಇತ್ತೀಚೆಗೆ ರಿಪೇರಿ ಕಂಡ ಜಾಗಗಳೇ. ಯಾರೂ ಕೈ ಹಾಕದ ನಡುಮನೆ, ದೇವರಮನೆ ಇವತ್ತಿಗೂ ಕಲ್ಲಿನ ಹಾಗಿವೆ. ಸಿಮೆಂಟು, ಟೈಲ್ಸು, ಫೈಬರ್ ಶೀಟು ಎಲ್ಲೆಲ್ಲಿ ಬಂದಿದೆಯೋ ಅಲ್ಲಲ್ಲಿ ಸಮಸ್ಯೆ. ಹಾಗಾಗಿ ಈ ಮನೆ ಕೊಳ್ಳುವವರ ಮೊದಲ ಖರ್ಚು ಹೊಸದನ್ನು ಹಾಕುವುದಕ್ಕಲ್ಲ, ಹಾಕಿದ್ದನ್ನು ಕೀಳುವುದಕ್ಕೆ.

ಓಡಾಟದ ಲೆಕ್ಕ ಬೇಗ ಮುಗಿಯುತ್ತದೆ. ಹಾಸನ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಮೈಸೂರು ಕಡೆಯಿಂದ ಕೆ.ಆರ್. ನಗರದ ಮೇಲೆ ಬರುವ ಬಸ್ಸುಗಳು ಇಲ್ಲಿ ನಿಂತೇ ಹಾಸನಕ್ಕೆ ಹೋಗುವುದರಿಂದ ಬಸ್ಸಿಗೆ ಬರವಿಲ್ಲ, ಸೀಟಿಗೆ ಬರವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಚಾರ್ಜು ಉಳಿಯುತ್ತದೆ, ಬೆಳಗಿನ ಹೊತ್ತು ನಿಂತು ಹೋಗುವುದಕ್ಕೆ ಮನಸ್ಸು ಮಾಡಿಕೊಳ್ಳಬೇಕು. ಮೈಸೂರು–ಹಾಸನ–ಅರಸೀಕೆರೆ ರೈಲು ಮಾರ್ಗದಲ್ಲಿ ಊರಿಗೆ ನಿಲ್ದಾಣವಿದೆ. ಪ್ಯಾಸೆಂಜರ್ ರೈಲಿನ ಸಮಯ ನಿಮ್ಮ ಕಚೇರಿಯ ಸಮಯಕ್ಕೆ ಹೊಂದಿದರೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿಗೋ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರಕ್ಕೋ (ಎಂ.ಸಿ.ಎಫ್.) ಹೋಗುವವರು ಹಾಸನದಲ್ಲಿಳಿದು ಇನ್ನೊಂದು ಬಸ್ಸೋ ಆಟೊನೋ ಹಿಡಿಯಬೇಕು. ಆ ಅರ್ಧ ಗಂಟೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾರು ಇರುವವರಿಗೆ ಬೀದಿಯದೇ ತಲೆನೋವು. ಮನೆಗೆ ಗ್ಯಾರೇಜಿಲ್ಲ, ಹಿತ್ತಿಲಿಗೆ ಬೇರೆ ದಾರಿಯಿಲ್ಲ. ಜಗಲಿ ಒಡೆದು ಕಾರಿಗೆ ಜಾಗ ಮಾಡೋಣ ಎಂದು ಬಹಳ ಜನ ಯೋಚಿಸುತ್ತಾರೆ. ಮುಂದಿನ ಗೋಡೆಯ ಬುಡಕ್ಕೆ ಮಳೆ ಎರಚದಂತೆ ತಡೆಯುತ್ತಿರುವುದೇ ಆ ಜಗಲಿ, ಅದನ್ನು ಮುಟ್ಟಬೇಡಿ. ಅದರ ಬದಲು ಜಗಲಿ ನಿಜವಾಗಿ ನಿವೇಶನದ ಒಳಗಿದೆಯೇ, ಪುರಸಭೆಯ ರಸ್ತೆಯ ಮೇಲಿದೆಯೇ ಎಂದು ಟೇಪು ಹಿಡಿದು ಅಳೆಯಿರಿ. ಪತ್ರದಲ್ಲಿ 120 ಅಡಿ ಎಂದಿದ್ದು, ಹಿಂದಿನ ಕಾಂಪೌಂಡಿನಿಂದ ಜಗಲಿಯ ಅಂಚಿಗೆ 123 ಅಡಿ ಬಂದರೆ ಆ ಮೂರಡಿ ನಿಮ್ಮದಲ್ಲ. ಬೀದಿಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಬಿದ್ದು ರಸ್ತೆ ಮೇಲೆದ್ದಿದೆ. ಮೊದಲು ನಾಲ್ಕು ಮೆಟ್ಟಿಲು ಹತ್ತಿ ಜಗಲಿಗೆ ಬರಬೇಕಿತ್ತು, ಈಗ ಕಾಣುವುದು ಒಂದೂವರೆ. ಚರಂಡಿ ತುಂಬಿದ ದಿನ ನೀರು ಹೊಸ್ತಿಲಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ಎದುರು ಮನೆಯವರನ್ನು ಕೇಳಿ. ಊರು ಹೇಮಾವತಿಯ ದಂಡೆಯ ಮೇಲಿದೆ. ಗೊರೂರು ಅಣೆಕಟ್ಟೆಯ ಗೇಟು ಎತ್ತಿದಾಗ ತಗ್ಗಿನ ಬೀದಿಗಳಿಗೆ ಬೇರೆಯದೇ ಚಿಂತೆ. 2019ರ ಆಗಸ್ಟಿನ ನೆರೆಯಲ್ಲಿ ನೀರು ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಗೆ ಬೀದಿಯ ಹಿರಿಯರು ಬೆರಳು ತೋರಿಸಿಯೇ ಉತ್ತರ ಕೊಡುತ್ತಾರೆ.

ಇನ್ನು ಮಾಡು. ಹೆಂಚು ಮುಚ್ಚಿರುವ ನೆಲ ಹತ್ತಿರ ಹತ್ತಿರ 2,000 ಚದರಡಿ. ಇಳಿಜಾರು ಸೇರಿಸಿದರೆ 2,300. ಚದರಡಿಗೆ ಒಂದೂವರೆ ಹೆಂಚಿನಂತೆ ಸುಮಾರು 3,500 ಹೆಂಚು, ಒಂದೊಂದೂ ಎರಡೂವರೆ ಕಿಲೋ ಆಸುಪಾಸು. ಇಷ್ಟನ್ನೂ ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕು, ಅಂದರೆ ಹೆಂಚು ತೆಗೆದು, ಒಡೆದದ್ದು ಬದಲಿಸಿ, ಮತ್ತೆ ಹೊದಿಸಬೇಕು. ಇಲ್ಲಿ ಕೈಯಾಡಿಸಿ ಬಹಳ ವರ್ಷವಾಗಿದೆ. ಸೋರುವ ಕಡೆಯೆಲ್ಲ ಹೆಂಚಿನ ಸಂದಿಗೆ ಸಿಮೆಂಟು ಮೆತ್ತಿದ್ದಾರೆ. ಹೆಂಚು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಅಲುಗದೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ನಿಂತ ನೀರು ನೇರ ರೀಪಿಗೆ (ಹೆಂಚು ಕೂರುವ ಮರದ ಪಟ್ಟಿಗೆ) ಇಳಿಯುತ್ತದೆ. ಸಿಮೆಂಟು ಹಿಡಿದ ಹೆಂಚನ್ನು ಒಡೆಯದೆ ಬಿಡಿಸಲು ಬರುವುದೂ ಇಲ್ಲ. ಸಾಮಾನ್ಯವಾಗಿ ಕೈಯಾಡಿಸುವಾಗ ಹತ್ತರಲ್ಲಿ ಒಂದು ಹೋಗುತ್ತದೆ ಎಂದು ಹಿಡಿದರೆ, ಇಲ್ಲಿ ಐದರಲ್ಲಿ ಒಂದು ಎಂದು ಹಿಡಿಯಿರಿ: 700 ಹೆಂಚು. ಹೊಸ ಹೆಂಚು ತಂದು ಹಳೆಯದರ ಮಧ್ಯೆ ಕೂರಿಸಲು ಹೋಗಬೇಡಿ. ಕಂಪನಿಯಿಂದ ಕಂಪನಿಗೆ ಕಚ್ಚು ಬೇರೆ, ಕೂರುವುದಿಲ್ಲ. ಬೀಳಿಸುತ್ತಿರುವ ಮನೆಗಳಿಂದ ಅದೇ ಮುದ್ರೆಯ ಹಳೇ ಹೆಂಚು ತನ್ನಿ. ಸಿಗದಿದ್ದರೆ ಒಂದು ಇಡೀ ಮಾಡಿನ ಹೆಂಚು ಇಳಿಸಿ ಬೇರೆಯದಕ್ಕೆ ಬದಲಿಯಾಗಿಟ್ಟುಕೊಂಡು, ಆ ಮಾಡಿಗೆ ಪೂರ್ತಿ ಹೊಸದು ಹಾಕಿ.

ಏಣಿ ಹತ್ತಿ ನೋಡಬೇಕಾದ್ದು ತೊಟ್ಟಿಯ ನಾಲ್ಕು ಒಳಮೂಲೆ. ಎರಡು ಮಾಡಿನ ನೀರು ಕೂಡಿ ಇಳಿಯುವ ಈ ಮೂಲೆಗೆ ತಗಡಿನ ದೋಣಿ ಇರುತ್ತದೆ. ತೊಟ್ಟಿ ಮನೆ ಬೀಳುವುದಿದ್ದರೆ ಇಲ್ಲಿಂದಲೇ ಶುರು. ಇಲ್ಲಿ ಎರಡು ಮೂಲೆಯ ತಗಡು ತುಕ್ಕು ಹಿಡಿದು ಜರಡಿಯಾಗಿದೆ. ಕೆಳಗಿನ ಮೂಲೆತೊಲೆಯ ಮೇಲೆ ಕಪ್ಪು ಪಟ್ಟೆ ಕಾಣುತ್ತದೆ. ಬದಲಿಸುವಾಗ 24 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು, ಅಗಲ ಎರಡಡಿ. ಎರಡೂ ಪಕ್ಕ ಹೆಂಚಿನ ಅಡಿಗೆ ಕನಿಷ್ಠ ಆರಿಂಚು ಹೋಗಬೇಕು, ಅಂಚನ್ನು ಮೇಲಕ್ಕೆ ಮಡಿಸಿರಬೇಕು. ಮಡಿಸದಿದ್ದರೆ ಜೋರು ಮಳೆಯಲ್ಲಿ ನೀರು ಪಕ್ಕಕ್ಕೆ ಹಾರಿ ಒಳಗೆ ಬರುತ್ತದೆ. ತಗಡು ಬದಲಿಸುವ ದಿನವೇ ಮೂಲೆತೊಲೆಯನ್ನು ದಬ್ಬಳದಿಂದ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ತೊಲೆಯೂ ಹೋಗಿದೆ ಎಂದರ್ಥ.

ತೊಟ್ಟಿಯ ಬಾಯಿಗೆ ಕಬ್ಬಿಣದ ಚೌಕಟ್ಟು ಮಾಡಿ ಫೈಬರ್ ಶೀಟು ಮುಚ್ಚಿದ್ದಾರೆ. ಮಳೆ ಒಳಗೆ ಬರುವುದಿಲ್ಲ ಎಂಬ ಸಮಾಧಾನಕ್ಕೆ ಮನೆಯ ಉಸಿರನ್ನೇ ಕಟ್ಟಿದಂತಾಗಿದೆ. ಬಿಸಿಗಾಳಿ ಮೇಲೆ ಹೋಗಲು ಇದ್ದ ದಾರಿ ಅದೊಂದೇ. ಈಗ ಏಪ್ರಿಲಿನಲ್ಲಿ ಪಡಸಾಲೆ ಸೆಕೆ, ಜುಲೈನಲ್ಲಿ ಕೋಣೆಗಳಿಗೆಲ್ಲ ಬೂಷ್ಟು. ಶೀಟು ಬೇಕೇ ಬೇಕೆಂದರೆ ಹೆಂಚಿನ ಅಂಚಿನಿಂದ ಎರಡಡಿ ಎತ್ತರಿಸಿ, ನಾಲ್ಕೂ ಪಕ್ಕ ಜಾಲರಿ ಬಿಟ್ಟು ಹಾಕಿಸಿ. ಕೋತಿಗೂ ಕಳ್ಳನಿಗೂ ಜಾಲರಿ ಸಾಕು.

ಇನ್ನೊಂದು ತೊಂದರೆ ತೊಟ್ಟಿಯ ನೀರು ಹೊರಹೋಗುವ ದಾರಿಯದು. ಒಳಗೆ ಬೀಳುವ ಮಾಡಿನ ಭಾಗ ಸುಮಾರು 1,000 ಚದರಡಿ. ಗಂಟೆಗೆ 50 ಮಿಲಿಮೀಟರ್ ಮಳೆ ಎಂದರೆ 4,600 ಲೀಟರ್, ನಿಮಿಷಕ್ಕೆ 77 ಲೀಟರ್. ಮೊದಲು ಇದು ಅಡಿಗೆಮನೆಯ ಅಡಿಯಲ್ಲಿ ಕಲ್ಲುಮೋರಿಯ ಮೂಲಕ ಹಿತ್ತಿಲಿಗೆ ಹೋಗುತ್ತಿತ್ತು. ಅಡಿಗೆಮನೆಗೆ ಟೈಲ್ಸ್ ಹಾಕುವಾಗ ಮೋರಿ ಮುಚ್ಚಿ ಮೂರಿಂಚಿನ ಪಿವಿಸಿ ಪೈಪು ಇಟ್ಟು, ಎರಡು ಕಡೆ ಎಲ್ಬೋ (ಪೈಪು ತಿರುಗಿಸುವ ಬಾಗು ಜೋಡಣೆ) ಕೊಟ್ಟಿದ್ದಾರೆ. ಲೆಕ್ಕಕ್ಕೆ ಪೈಪು ಸಾಕು. ಕಸ ಕಟ್ಟಿದರೆ ಸಾಲದು. ಹಳೇ ಮೋರಿಗೆ ಕೈ ಹಾಕಿ ಎಲೆ ತೆಗೆಯಬಹುದಿತ್ತು, ಎಲ್ಬೋದೊಳಗೆ ಕೈ ಹೋಗುವುದಿಲ್ಲ. ಪೈಪು ಕಟ್ಟಿಕೊಂಡ ದಿನ ಅಂಥ ಮಳೆ ಬಂದರೆ ಒಂಬತ್ತಿಂಚು ಆಳದ ತೊಟ್ಟಿ ಅರ್ಧ ಗಂಟೆಯಲ್ಲಿ ತುಂಬಿ ಕೈಸಾಲೆಗೆ ಹರಿಯುತ್ತದೆ. ನೋಡಲು ಹೋದಾಗ ಇಪ್ಪತ್ತು ಬಕೆಟ್ ನೀರು ತೊಟ್ಟಿಗೆ ಸುರಿಸಿ. ಐದು ನಿಮಿಷದಲ್ಲಿ ಖಾಲಿಯಾಗಬೇಕು. ಆಗದಿದ್ದರೆ ಪೈಪು ಕಿತ್ತು ಮೋರಿಯನ್ನೇ ಮತ್ತೆ ತೆರೆಸಿ, ಮೇಲೆ ಎತ್ತಿ ತೆಗೆಯಬಹುದಾದ ಚಪ್ಪಡಿ ಹಾಕಿಸಿ.

ಗೋಡೆಯ ವಿಷಯಕ್ಕೆ ಬಂದರೆ, ಅಡಿಗೆಮನೆ ಮತ್ತು ಬಚ್ಚಲು ಕಡೆ ನಾಲ್ಕಡಿ ಎತ್ತರಕ್ಕೆ ಸಿಮೆಂಟು ಗಾರೆ ಮತ್ತು ಟೈಲ್ಸ್ ಬಂದಿದೆ. ಒಟ್ಟು ಸುಮಾರು 110 ಅಡಿ ಉದ್ದ, ಅಂದರೆ 440 ಚದರಡಿ. ಮಣ್ಣಿನ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ, ಸುಣ್ಣದ ಗಾರೆಯ ಮೂಲಕ ಗಾಳಿಗೆ ಬಿಡುತ್ತಲೂ ಇರುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಹೊರಗೆ ಹೋಗಲಾರದೆ ಇನ್ನೂ ಮೇಲಕ್ಕೇರಿ, ಟೈಲ್ಸ್ ಮುಗಿದ ಕಡೆ ಹೊರಬರುತ್ತದೆ. ಅಡಿಗೆಮನೆಯಲ್ಲಿ ಟೈಲ್ಸ್ ಮೇಲಿನ ಒಂದಡಿ ಪಟ್ಟಿಯಲ್ಲಿ ಬಿಳಿ ಉಪ್ಪು ಹೂವಿನಂತೆ ಎದ್ದಿರುವುದು ಇದೇ ಕಾರಣಕ್ಕೆ. ಅಲ್ಲಿ ಹೊಸದಾಗಿ ಬಳಿದ ಬಣ್ಣವನ್ನು ನೋಡಿ ಮೋಸ ಹೋಗಬೇಡಿ. ನಾಣ್ಯದಿಂದ ತಟ್ಟಿ, ಡಬಡಬ ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟು ನಿಂತಿದೆ, ಹಿಂದೆ ಮಣ್ಣು ಉದುರುತ್ತಿದೆ.

ಸರಿಪಡಿಸುವ ಕ್ರಮ ಕಷ್ಟದ್ದಲ್ಲ, ಆದರೆ ಅವಸರ ಮಾಡುವ ಹಾಗಿಲ್ಲ. ಸಿಮೆಂಟನ್ನು ಚಾಣದಿಂದ, ಕೈಯಲ್ಲೇ ಕೀಳಬೇಕು. ಬ್ರೇಕರ್ ಮೆಶಿನ್ ಹಾಕಿದರೆ ಮಣ್ಣೂ ಜೊತೆಗೆ ಬರುತ್ತದೆ. ಫೆಬ್ರವರಿಯಲ್ಲಿ ಕಿತ್ತು ಮೇ ತನಕ ಗೋಡೆಯನ್ನು ಬತ್ತಲೆ ಒಣಗಲು ಬಿಡಿ. ಹಳ್ಳ ಬಿದ್ದ ಕಡೆ ಕತ್ತರಿಸಿದ ಭತ್ತದ ಹುಲ್ಲು ಕಲೆಸಿ ಕೊಳೆಹಾಕಿದ ಮಣ್ಣು ತುಂಬಿ. ಅದು ಒಣಗಿದ ಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಮೊದಲ ಕೈ ಅರ್ಧ ಇಂಚು, ಎರಡನೆಯದು ಕಾಲಿಂಚು. ಸುಣ್ಣ ನೀರಿನಲ್ಲಿ ಕನಿಷ್ಠ ಹದಿನೈದು ದಿನ ನೆನೆದಿರಬೇಕು. ಸರಿಯಾಗಿ ಅರಳದ ಸುಣ್ಣದ ಕಾಳು ಗೋಡೆಗೆ ಹೋದಮೇಲೆ ಅರಳಿ, ಗಾರೆ ಗುಳ್ಳೆಗುಳ್ಳೆಯಾಗಿ ಸಿಡಿಯುತ್ತದೆ. ಇದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಎಮಲ್ಶನ್ ಯಾವುದೂ ಬೇಡ, ಬರೀ ಸುಣ್ಣ. ಮೇಸ್ತ್ರಿ "ಸ್ವಲ್ಪ ಸಿಮೆಂಟು ಸೇರಿಸಿದರೆ ಗಟ್ಟಿಯಾಗುತ್ತದೆ ಸಾರ್" ಎಂದೇ ಎನ್ನುತ್ತಾರೆ. ಸುಣ್ಣದ ಕೆಲಸ ಮಾಡಿ ಗೊತ್ತಿಲ್ಲದವರ ಮಾತು ಅದು; ಬೇರೆ ಮೇಸ್ತ್ರಿಯನ್ನು ನೋಡಿ.

ಈ ಮನೆಯ ಅತಿ ಕೆಟ್ಟ ಜಾಗ ಒಳಗಿನಿಂದ ಕಾಣುವುದೇ ಇಲ್ಲ. ಎಡಗಡೆಯ ಮನೆಯವರು ಹಳೆಯದನ್ನು ಬೀಳಿಸಿ ಮೂರಂತಸ್ತು ಕಟ್ಟಿದ್ದಾರೆ. ಎರಡು ಗೋಡೆಗಳ ನಡುವೆ ಆರಿಂಚು ಸಂದಿ. ಮೊದಲು ಆ ಮನೆಯ ಮಾಡು ಈ ಗೋಡೆಗೆ ಆಸರೆಯಾಗಿತ್ತು. ಈಗ ಗೋಡೆಯ ಹೊರಮೈ ಬರೀ ಮಣ್ಣು, ಮೇಲಿನಿಂದ ಬೀಳುವ ಮಳೆಯೆಲ್ಲ ಆ ಸಂದಿಯಲ್ಲಿ. ಕೈ ಹೋಗುವುದಿಲ್ಲ, ಗಾರೆ ಮಾಡುವಂತಿಲ್ಲ. ಇರುವ ದಾರಿ ಒಂದೇ: ಸಂದಿಯ ಬಾಯನ್ನು ಉದ್ದಕ್ಕೂ ತಗಡಿನಿಂದ ಮುಚ್ಚುವುದು. ತಗಡಿನ ಒಂದಂಚು ಅವರ ಗೋಡೆಯೊಳಗೆ ಒಂದಿಂಚು ಸೀಳು ಕೊರೆದು ಕೂರಬೇಕು, ಇನ್ನೊಂದು ಈ ಮನೆಯ ಹೆಂಚಿನ ಮೇಲೆ ಇಳಿಯಬೇಕು. ಅವರ ಗೋಡೆ ಕೊರೆಯಲು ಅವರ ಒಪ್ಪಿಗೆ ಬೇಕು. ಮಾರುವವರಿಗೂ ಅವರಿಗೂ ಮಾತು ಚೆನ್ನಾಗಿದ್ದರೆ ಕರಾರಿಗೆ ಮುಂಚೆಯೇ ಮಾರುವವರಿಂದಲೇ ಈ ಕೆಲಸ ಮಾಡಿಸಿ. ಚೆನ್ನಾಗಿಲ್ಲದಿದ್ದರೆ, ಕೊಂಡಮೇಲೆ ಅದು ನಿಮ್ಮ ತಲೆಗೆ ಬರುತ್ತದೆ. ಆ ಪಕ್ಕದ ಕೋಣೆಯ ಮೂಲೆಯಲ್ಲಿ ಓರೆಯಾಗಿ ಏರಿದ ಬಿರುಕೂ ಇದೆ. ಬಿರುಕಿಗೆ ಅಡ್ಡಲಾಗಿ ಪಿಒಪಿಯ (ಪ್ಲಾಸ್ಟರ್ ಆಫ್ ಪ್ಯಾರಿಸ್) ತೆಳು ಪಟ್ಟಿ ಹಾಕಿ ತಾರೀಖು ಬರೆದಿಡಿ. ಒಂದು ಮಳೆಗಾಲದಲ್ಲಿ ಪಟ್ಟಿ ಸೀಳಿದರೆ ಗೋಡೆ ಇನ್ನೂ ಕುಸಿಯುತ್ತಿದೆ. ಸೀಳದಿದ್ದರೆ ಹಳೇ ಬಿರುಕು, ಸುಣ್ಣ ತುಂಬಿ ಮುಚ್ಚಬಹುದು.

ಮರದ ಕೆಲಸ ಈ ಮನೆಯ ಆಸ್ತಿ. ಎಂಟು ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ಕೂರುವ ಮರ), ತಲೆಬಾಗಿಲು ಎಲ್ಲ ಗಟ್ಟಿ. ತೊಲೆಗಳ ನಡುಭಾಗ ನೋಡಿ ಮೆಚ್ಚಬೇಡಿ. ಗೋಡೆಯೊಳಗೆ ಹೊಕ್ಕ ತುದಿಯನ್ನು ನೋಡಿ. ತೇವ ಕಂಡ ಗೋಡೆಯಲ್ಲಿ ತುದಿಯೇ ಮೊದಲು ಕೊಳೆಯುವುದು. ಇಲ್ಲಿ ಅಡಿಗೆಮನೆಯ ಎರಡು ತೊಲೆಯ ತುದಿ ಮೆತ್ತಗಾಗಿದೆ. ತೊಲೆ ಬದಲಿಸುವ ಅಗತ್ಯವಿಲ್ಲ. ಕೆಳಗೆ ಜಾಕ್ ಕೊಟ್ಟು, ಕೊಳೆತ ಒಂದೆರಡಡಿ ಕತ್ತರಿಸಿ, ಎರಡು ಪಕ್ಕಕ್ಕೂ ನಾಲ್ಕಿಂಚಿನ ಉಕ್ಕಿನ ಚಾನೆಲ್ ಇಟ್ಟು 12 ಮಿಲಿಮೀಟರ್ ಬೋಲ್ಟಿನಿಂದ ಬಿಗಿದರೆ ಆಯಿತು. ಚಾನೆಲ್ ಗಟ್ಟಿ ಮರದ ಮೇಲೆ ಕನಿಷ್ಠ ಮೂರಡಿ ಹೋಗಿರಬೇಕು. ರೀಪುಗಳಲ್ಲಿ ಕುಟ್ಟೆ ಹುಳ ಇದೆ. ಹಳೇ ತೂತು ಇದ್ದರೆ ಹೆದರಬೇಕಿಲ್ಲ. ನೆಲ ಗುಡಿಸಿ ಒಂದು ವಾರ ಬಿಟ್ಟು ಬಂದಾಗ ಮತ್ತೆ ಬಿಳಿ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ. ಗೆದ್ದಲಿಗೆ ಗೋಡೆ–ನೆಲ ಕೂಡುವ ಕಡೆ ಒಂದಡಿಗೊಂದು ತೂತು ಕೊರೆದು ಔಷಧ ಇಳಿಸುವುದು ವಾಡಿಕೆ. ಇಮಿಡಾಕ್ಲೊಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿಲಿಲೀಟರ್. ಬಾವಿ ಕಡೆಯ ಗೋಡೆಗೆ ಮಾತ್ರ ಇದನ್ನು ಹಾಕಿಸಬೇಡಿ, ನೀರಿಗೆ ಸೇರುತ್ತದೆ.

ನಡುಮನೆಯ ಕೆಂಪು ಗಾರೆ ನೆಲ ಈಗಲೂ ಕನ್ನಡಿ. ಒಂದೆರಡು ಬಿರುಕು ಇವೆ, ಇರಲಿ. ಬಿರುಕಿಗೆ ತೇಪೆ ಹಾಕಿದರೆ ಬಣ್ಣ ಎಂದೂ ಹೊಂದುವುದಿಲ್ಲ. ಅದರ ಮೇಲೆ ಟೈಲ್ಸ್ ಹಾಕಿದರೆ ನೆಲದ ತೇವವೆಲ್ಲ ಗೋಡೆಗೆ ತಿರುಗುತ್ತದೆ. ಆಸಿಡ್ ಹಾಕಿ ತೊಳೆಯಬೇಡಿ, ಕೊಬ್ಬರಿ ಎಣ್ಣೆ ಸವರಿ ಒರೆಸುತ್ತಿದ್ದರೆ ಸಾಕು. ನಡುಮನೆಯ ಮೂಲೆಯಲ್ಲಿ ಕಾಲು ಕುಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ರಾಗಿ ತುಂಬುವ ಹಗೇವು (ನೆಲದಡಿಯ ಕಣಜ) ಇದ್ದಿರುವ ಸಂಭವವಿದೆ. ಭಾರದ ಬೀರು ಇಡುವ ಮೊದಲು ಬಾಯಿ ತೆರೆಸಿ, ಮಣ್ಣು ತುಂಬಿ, ಪದರ ಪದರವಾಗಿ ದಮ್ಮಸ್ಸು ಮಾಡಿಸಿ. ಮುಚ್ಚಿಟ್ಟ ಹಗೇವಿನ ಒಳಗೆ ಕೆಟ್ಟ ಗಾಳಿ ಇರುತ್ತದೆ. ತೆರೆದು ಒಂದು ದಿನ ಬಿಡದೆ ಯಾರನ್ನೂ ಇಳಿಸಬಾರದು. ಮದ್ರಾಸ್ ತಾರಸಿಯ ಎರಡು ಕೋಣೆ ಸದ್ಯಕ್ಕೆ ಚೆನ್ನಾಗಿವೆ. ಸೋರಿತೆಂದು ಮೇಲೆ ಕಾಂಕ್ರೀಟ್ ಹಾಕಿಸಿ ಜಂತೆಗಳ ಮೇಲೆ ಭಾರ ಏರಿಸದಿದ್ದರೆ ಹಾಗೇ ಇರುತ್ತವೆ.

ಬಾವಿಗೂ ಕಕ್ಕಸಿನ ಗುಂಡಿಗೂ ನಡುವೆ ಇರುವುದು 22 ಅಡಿ. ಕನಿಷ್ಠ 50 ಅಡಿ ಬೇಕು. ಗುಂಡಿ ಮುಚ್ಚಿ ಪುರಸಭೆಯ ಒಳಚರಂಡಿಗೆ ಸಂಪರ್ಕ ಸಿಗುತ್ತದೆಯೇ ಎಂದು ಕೇಳಿ, ಅಲ್ಲಿಯವರೆಗೆ ಬಾವಿ ನೀರು ಗಿಡಕ್ಕೆ ಮಾತ್ರ. ಒಳಗೇ ಕಕ್ಕಸು ಬೇಕೆನ್ನುವವರು ಮಣ್ಣಿನ ಗೋಡೆಗೆ ಪೈಪು ಕೊರೆಯದೆ, ಅದರಿಂದ ಆರಿಂಚು ಬಿಟ್ಟು ಇಟ್ಟಿಗೆಯ ಬೇರೆ ಗೋಡೆ ಕಟ್ಟಿಸಿ. ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದಡಿ ಇಳಿಜಾರು. ವೈರಿಂಗ್ ಪೂರ್ತಿ ಹೊಸದಾಗಬೇಕು, ಇದರಲ್ಲಿ ಚೌಕಾಶಿ ಇಲ್ಲ. ಈಗಿರುವುದು ಮರದ ಪಟ್ಟಿಯ ಮೇಲಿನ ಹಳೇ ತಂತಿ, ಅರ್ಥಿಂಗ್ ಇಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಗೀಸರಿಗೆ 4 ಚದರ ಮಿಲಿಮೀಟರಿನ ತಂತಿ. ವೈರಿನ ಪೈಪುಗಳನ್ನು ಗೋಡೆಯ ಮೇಲೇ ಓಡಿಸಿ. ಸೀಳು ಕೊರೆದು ಒಳಗೆ ಹುದುಗಿಸಿದರೆ ಮಣ್ಣಿನ ಗೋಡೆ ಉದುರುತ್ತದೆ.

ಕಾಗದಪತ್ರ ನೋಡದೆ ಮೇಲಿನ ಯಾವ ಲೆಕ್ಕಕ್ಕೂ ಬೆಲೆಯಿಲ್ಲ. ಮಾರುತ್ತಿರುವವರು ಒಂದೇ ಮನೆತನದ ಐವರು, ಖಾತೆ ಇರುವುದು ಹಿರಿಯರೊಬ್ಬರ ಹೆಸರಿನಲ್ಲಿ. ಖಾತೆ ಕಂದಾಯದ ದಾಖಲೆ, ಮಾಲೀಕತ್ವದ್ದಲ್ಲ. "ನಮ್ಮ ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಮಾತು ಇಲ್ಲೂ ಬರುತ್ತದೆ. ಅದಕ್ಕೆ ಕಾನೂನಿನಲ್ಲಿ ತೂಕವಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಾರೀಕತ್ತು ಇದ್ದರೆ ಅದಕ್ಕೆ ಧಕ್ಕೆಯಿಲ್ಲ. ಬರೀ ಬಾಯಿಮಾತಿನ ಪಾಲು, ಬಿಳಿ ಹಾಳೆಯ ಪಾಲು ನಂಬಿ ಮುಂಗಡ ಕೊಡಬೇಡಿ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ, ಹೆಣ್ಣುಮಕ್ಕಳು, ತೀರಿಕೊಂಡವರ ಮಕ್ಕಳು ಸಹಿತ, ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆಯೇ ನೋಡಿ. ಅಪ್ರಾಪ್ತ ವಯಸ್ಸಿನವರ ಪಾಲಿದ್ದರೆ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ವಿದೇಶದಲ್ಲಿರುವವರು ಒಬ್ಬರಿದ್ದಾರೆ. ಅವರು ಕಳಿಸುವ ಅಧಿಕಾರಪತ್ರ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾಗಿರಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿರಬೇಕು. ಅವರ ಪಾಲಿನ ಹಣಕ್ಕೆ ಹಿಡಿಯಬೇಕಾದ ತೆರಿಗೆಯೂ ಬೇರೆ, ಹೆಚ್ಚು; ಆಡಿಟರನ್ನು ಕೇಳಿಯೇ ಹಣ ಕೊಡಿ. ಇಲ್ಲಿರುವ ನಾಲ್ವರಿಗೆ 1% ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಕಟ್ಟುವ ತೆರಿಗೆ), ಒಬ್ಬೊಬ್ಬರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಬೇಕು. ಒಬ್ಬೊಬ್ಬರ ಪಾಲು 50 ಲಕ್ಷಕ್ಕೆ ಕಡಿಮೆ ಇದ್ದರೂ ಒಟ್ಟು ಬೆಲೆ ನೋಡುತ್ತಾರೆ. ಋಣಭಾರ ಪತ್ರ ಆನ್‌ಲೈನಿನಲ್ಲಿ 2004ರ ಏಪ್ರಿಲಿನಿಂದೀಚಿನದು ಮಾತ್ರ ಬರುತ್ತದೆ. ಅದಕ್ಕಿಂತ ಹಿಂದಿನದನ್ನು ಉಪನೋಂದಣಿ ಕಚೇರಿಯ ಪುಸ್ತಕದಿಂದ ತೆಗೆಸಬೇಕು. ಹಳೇ ಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಗಜವೋ ಅಂಕಣವೋ ಬರೆದಿದ್ದರೆ ಇ-ಖಾತೆಯ ಅಡಿಗಳ ಜೊತೆ ತಾಳೆ ನೋಡಿ. ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ, ಅದನ್ನು ಮಾಡಿಸುವ ಜವಾಬ್ದಾರಿ ಮಾರುವವರದು ಎಂದು ಕರಾರಿನಲ್ಲಿ ಬರೆಸಿ.

90 ಲಕ್ಷಕ್ಕೇ ಒಪ್ಪಿದರೆ ನೋಂದಣಿ ಖರ್ಚು ಹೀಗಾಗುತ್ತದೆ: ಮುದ್ರಾಂಕ 5%, ಅಂದರೆ 4.5 ಲಕ್ಷ, ಅದರ ಮೇಲೆ 10% ಸೆಸ್ 45,000, 2% ಸರ್‌ಚಾರ್ಜ್ 9,000, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿರುವುದರಿಂದ 1.8 ಲಕ್ಷ. ಒಟ್ಟು 6.84 ಲಕ್ಷ. ಸಾಲ ಮಾಡುವವರು ಬ್ಯಾಂಕಿನ ಮೌಲ್ಯಮಾಪಕರು ಮಣ್ಣಿನ ಗೋಡೆಗೆ ಹೆಚ್ಚೇನೂ ಬೆಲೆ ಕಟ್ಟುವುದಿಲ್ಲ, ಸಾಲ ನಿವೇಶನದ ಬೆಲೆಯ ಮೇಲೇ ನಿಲ್ಲುತ್ತದೆ ಎಂದುಕೊಂಡೇ ಲೆಕ್ಕ ಹಾಕಲಿ.

ಕೇಳುವ ಬೆಲೆಯನ್ನು ನಿವೇಶನಕ್ಕೆ ಹಂಚಿದರೆ ಚದರಡಿಗೆ 2,083 ರೂಪಾಯಿ. ಅದೇ ಬೀದಿಯಲ್ಲಿ ಇತ್ತೀಚೆಗೆ ನೋಂದಣಿಯಾದ ಎರಡು ಕ್ರಯಪತ್ರದ ದರಕ್ಕೆ ಹೋಲಿಸಿ. ಬೀಳಿಸಿ ಹೊಸದು ಕಟ್ಟುವ ಯೋಚನೆ ಇರುವವರಿಗೆ ಈ ಮನೆ ಲಾಭದ್ದಲ್ಲ: ಸುತ್ತ ಬಿಡಬೇಕಾದ ಜಾಗ ಬಿಟ್ಟರೆ 36 ಅಡಿ ಅಗಲದಲ್ಲಿ ಉಳಿಯುವುದು ಕಡಿಮೆ, ಮರಮುಟ್ಟಿನ ಬೆಲೆ ಬೀಳಿಸುವವರ ಪಾಲಾಗುತ್ತದೆ. ಉಳಿಸಿಕೊಂಡು ಇರುವವರಿಗೆ, ಐವರ ಜೊತೆ ಮನೆತನದ ಹೆಣ್ಣುಮಕ್ಕಳ ಸಹಿಯೂ ಬರುವುದಾದರೆ, ಹತ್ತು ಲಕ್ಷ ಇಳಿಸಿ ಕೇಳಿ ತೆಗೆದುಕೊಳ್ಳಬಹುದಾದ ಮನೆ. ಇಳಿಸಲು ಕಾರಣ ಬಾಯಲ್ಲಿ ಹೇಳಬೇಡಿ. ತುಕ್ಕು ಹಿಡಿದ ಎರಡು ಮೂಲೆ, ಎಡಗಡೆ ಸಂದಿ, ಎರಡು ತೊಲೆತುದಿ, ವೈರಿಂಗ್, ಗುಂಡಿ, ಇವುಗಳ ಫೋಟೊ ಮತ್ತು ಮೇಸ್ತ್ರಿ ಬರೆದುಕೊಟ್ಟ ಅಂದಾಜುಪಟ್ಟಿ ಮುಂದಿಡಿ.

ನೋಡಲು ಹೋಗುವುದಾದರೆ ಜುಲೈ ಅಥವಾ ಆಗಸ್ಟ್‌ನಲ್ಲಿ, ಮಳೆ ಸುರಿಯುವಾಗಲೇ ಹೋಗಿ. ಮಾರ್ಚಿನಲ್ಲಿ ಎಲ್ಲ ಹಳೇ ಮನೆಯೂ ಚೆಂದ. ಕರಾರಿಗೆ ಒಂದು ಪಟ್ಟಿ ಲಗತ್ತಿಸಿ: ಕಂಬ 8, ಬೋದಿಗೆ 8, ತಲೆಬಾಗಿಲು ಅಗುಳಿ ಸಹಿತ, ದೇವರಮನೆಯ ಬಾಗಿಲು, ಉಯ್ಯಾಲೆಯ ಕೊಂಡಿ ಮತ್ತು ಸರಪಳಿ, ಒರಳು, ಬೀಸೋಕಲ್ಲು, ಬಾವಿಯ ಗಡಗಡೆ. ಕರಾರಿಗೂ ನೋಂದಣಿಗೂ ನಡುವಿನ ಮೂರು ತಿಂಗಳಲ್ಲಿ ಹಳೇ ಮರ ಕೊಳ್ಳುವವರು ಬಂದು ಬಾಗಿಲಿಗೆ ಬೆಲೆ ಕಟ್ಟುವುದುಂಟು. ಪಟ್ಟಿಯಲ್ಲಿಲ್ಲದ ಬಾಗಿಲಿನ ಜಾಗದಲ್ಲಿ ಫ್ಲಶ್ ಡೋರ್ ಕೂತಿದ್ದರೆ ಕೇಳುವ ಹಕ್ಕು ನಿಮಗಿರುವುದಿಲ್ಲ. ಬಚ್ಚಲಿನ ತಾಮ್ರದ ಹಂಡೆಯನ್ನೂ ಬರೆಯಿರಿ, ಮಾರುವವರು ಪಟ್ಟಿಯಿಂದ ಹೊಡೆದುಹಾಕುತ್ತಾರೆ, ಆದರೂ ಬರೆಯಿರಿ.